ಕತ್ತಲಾಗದ ಊರಿನಲ್ಲಿ ಮಲಗುವುದು ಯಾವಾಗ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ ನನ್ನ ಸಾಧನೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂದರು. ನಾನು ಕಂಪ್ಯೂಟರಿನ ಮುಂದೆ ಕೂತು ಸಂಬಳ ತಗೊಳ್ಳುವವನು, ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅದರ ಬದಲು ಒಂಬತ್ತನೇ ತರಗತಿಯಲ್ಲಿ ಉತ್ತರ ಸಿಗದೆ ಉಳಿದ ಒಂದು ಪ್ರಶ್ನೆಗೆ ಉತ್ತರ ಹೇಳುತ್ತೇನೆ ಅಂದೆ. ಒಪ್ಪಿಕೊಂಡರು.

ಆ ದಿನ ನಮ್ಮ ವಿಜ್ಞಾನದ ಮೇಷ್ಟ್ರು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಮೇಜಿನ ಮೇಲೆ ಚಿಮಣಿ ದೀಪ ಹಚ್ಚಿಟ್ಟು, ಶಾಲೆಯ ಗ್ಲೋಬನ್ನು ಅದರ ಸುತ್ತ ಹಿಡಿದುಕೊಂಡು ನಡೆದರು. ಭೂಮಿ ಇಪ್ಪತ್ಮೂರೂವರೆ ಡಿಗ್ರಿ ವಾಲಿಕೊಂಡಿದೆ, ಅದಕ್ಕೇ ಉತ್ತರದ ತುದಿ ಬೇಸಿಗೆಯಲ್ಲಿ ದೀಪದ ಕಡೆಗೇ ಮುಖ ಮಾಡಿರುತ್ತದೆ, ಎಷ್ಟು ತಿರುಗಿಸಿದರೂ ಆ ಜಾಗಕ್ಕೆ ನೆರಳು ಬರುವುದಿಲ್ಲ ಅಂತ ತೋರಿಸಿದರು. ಆಗ ಹಿಂದಿನ ಬೆಂಚಿನಿಂದ ನನ್ನ ಗೆಳೆಯನೊಬ್ಬ ಎದ್ದು, "ಹಂಗಾದ್ರೆ ಅಲ್ಲಿಯವ್ರು ಮಲಗೋದ್ ಯಾವಾಗ ಸಾರ್?" ಅಂತ ಕೇಳಿದ. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. "ನನಗೆ ಗೊತ್ತಿಲ್ಲಪ್ಪ" ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಇಬ್ಬರೂ ಇವತ್ತು ಇಲ್ಲಿದ್ದಾರೆ, ಒಬ್ಬರು ವೇದಿಕೆಯ ಮೇಲೆ, ಒಬ್ಬ ಊಟದ ವ್ಯವಸ್ಥೆಯಲ್ಲಿ.

2019ರಲ್ಲಿ ಕಂಪನಿಯ ಕೆಲಸದ ಮೇಲೆ ನಾರ್ವೆ ದೇಶದ ಓಸ್ಲೋಗೆ ಹೋಗಿದ್ದೆ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತೂಮುಕ್ಕಾಲಿನ ಹತ್ತಿರ, ಬೆಳಿಗ್ಗೆ ನಾಲ್ಕಕ್ಕೆ ಮತ್ತೆ ಹಾಜರು. ನಮ್ಮ ತಾಲ್ಲೂಕು ಹೆಚ್ಚುಕಡಿಮೆ 14 ಡಿಗ್ರಿ ಅಕ್ಷಾಂಶದಲ್ಲಿದೆ. ಇಲ್ಲಿ ವರ್ಷದ ಅತಿ ದೊಡ್ಡ ಹಗಲು ಸುಮಾರು ಹದಿಮೂರು ಗಂಟೆ, ಅತಿ ಚಿಕ್ಕದ್ದು ಹನ್ನೊಂದು ಗಂಟೆಯ ಮೇಲೆ ಚೂರು. ಈ ವ್ಯತ್ಯಾಸ ನಮ್ಮ ಗಮನಕ್ಕೂ ಬರುವುದಿಲ್ಲ. ಓಸ್ಲೋದಲ್ಲೇ ನನಗೆ ನಿದ್ದೆ ಏರುಪೇರಾಗಿತ್ತು. ಹಾಗಿದ್ದೂ ಜೊತೆಗೆ ಕೆಲಸ ಮಾಡುವ ಇಬ್ಬರನ್ನು ಕಟ್ಟಿಕೊಂಡು, ಜೂನ್ 20ರ ಸುಮಾರಿಗೆ ಇನ್ನೂ ಉತ್ತರಕ್ಕೆ, ಟ್ರೊಮ್ಸೊ ಎಂಬ ಊರಿಗೆ ವಿಮಾನ ಹತ್ತಿದೆ.

ಟ್ರೊಮ್ಸೊ ಇರುವುದು 69 ಡಿಗ್ರಿ ದಾಟಿ, ಆರ್ಕ್ಟಿಕ್ ವೃತ್ತದಿಂದ ಬಹಳ ಮೇಲೆ. ಅಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ಮೊದಲ ದಿನ ರಾತ್ರಿ ಹನ್ನೊಂದಕ್ಕೆ ಊರಿನ ಎದುರಿನ ಗುಡ್ಡ ಹತ್ತಿದೆವು. ಆ ಗುಡ್ಡಕ್ಕೆ ಸಾವಿರದಿನ್ನೂರಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳಿವೆ. ಕಟ್ಟಿದವರು ನೇಪಾಳದಿಂದ ಬಂದ ಶೆರ್ಪಾಗಳು. ಹಿಮಾಲಯದವರು ಅಲ್ಲಿ ಹೋಗಿ ಮೆಟ್ಟಿಲು ಕಟ್ಟಿಕೊಟ್ಟು ಬಂದಿದ್ದಾರೆ ಅನ್ನುವುದೇ ನನಗೆ ಒಂದು ಖುಷಿ. ಮೇಲೆ ನಿಂತು ನೋಡಿದರೆ ಮೋಡವಿಲ್ಲದ ಆಕಾಶ. ಸೂರ್ಯ ಇಳಿಯುತ್ತಾ ಇಳಿಯುತ್ತಾ ನೇರ ಉತ್ತರ ದಿಕ್ಕಿಗೆ ಬಂದ. ಮಕ್ಕಳೇ, ಗಮನಿಸಿ, ಉತ್ತರ ದಿಕ್ಕಿಗೆ! ಕ್ಷಿತಿಜದಿಂದ ಮೂರು ಡಿಗ್ರಿ ಮೇಲೆ ಉಳಿದು, ಮುಳುಗದೆ, ಬಲಗಡೆಗೆ ಸರಿಯುತ್ತಾ ಮತ್ತೆ ಏರತೊಡಗಿದ. ಅತಿ ಕೆಳಗೆ ಬಂದದ್ದು ಹನ್ನೆರಡಕ್ಕಲ್ಲ, ಹನ್ನೆರಡೂ ಮುಕ್ಕಾಲಿಗೆ. ಆ ದೇಶ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿಕೊಳ್ಳುತ್ತದೆ. ದೇವತೆಗಳ ಒಂದು ದಿನ ಅಂದರೆ ನಮ್ಮ ಒಂದು ವರ್ಷ, ಉತ್ತರಾಯಣ ಅವರ ಹಗಲು ಅಂತ ನಮ್ಮಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಇಳಿದು ಬಂದಾಗ ಮೂರು ಗಂಟೆ. ಒಬ್ಬಾತ ಏಣಿ ಹಾಕಿಕೊಂಡು ಮನೆಗೆ ಬಣ್ಣ ಹೊಡೆಯುತ್ತಿದ್ದ.

ಅದೇ ವಾರ ಒಂದು ಸುದ್ದಿ ಎಲ್ಲ ಕಡೆ ಓಡಾಡುತ್ತಿತ್ತು. ಟ್ರೊಮ್ಸೊ ಹತ್ತಿರದ ಸೊಮ್ಮರೋಯ್ ಎಂಬ ದ್ವೀಪದವರು ತಮಗೆ ಗಡಿಯಾರವೇ ಬೇಡ, ಬೇಸಿಗೆಯಲ್ಲಿ ಸಮಯವನ್ನೇ ರದ್ದು ಮಾಡಿ ಅಂತ ಕೇಳಿದ್ದಾರಂತೆ, ಕೈಗಡಿಯಾರಗಳನ್ನು ಸೇತುವೆಗೆ ಕಟ್ಟಿಬಿಟ್ಟಿದ್ದಾರಂತೆ. ನಮಗೆ ಬಹಳ ಹಿಡಿಸಿತು. ನಾವೂ ಗಡಿಯಾರ ಬಿಚ್ಚಿ ಬ್ಯಾಗಿಗೆ ಹಾಕಿದೆವು. ಹಸಿವಾದಾಗ ಉಣ್ಣುವುದು, ನಿದ್ದೆ ಬಂದಾಗ ಮಲಗುವುದು. ಆ ಸುದ್ದಿ ಪ್ರವಾಸೋದ್ಯಮದ ಪ್ರಚಾರಕ್ಕೆ ಹೆಣೆದದ್ದು ಅಂತ ಆಮೇಲೆ ಹೊರಬಿತ್ತು. ಅಷ್ಟರಲ್ಲಿ ನಮಗೆ ಆಗಬೇಕಾದದ್ದು ಆಗಿತ್ತು.

ನಿದ್ದೆ ಬಂದಾಗ ಮಲಗುವುದು ಅಂದುಕೊಂಡೆವಲ್ಲ, ನಿದ್ದೆ ಬರಲೇ ಇಲ್ಲ. ಎಷ್ಟು ಹೊತ್ತಾದರೂ ಮಧ್ಯಾಹ್ನ ನಾಲ್ಕು ಗಂಟೆಯ ಹಾಗೇ ಬಿಸಿಲು. ಹೊಟೇಲಿನಲ್ಲಿ ಪರದೆ ಎಳೆಯುವುದು ಬಿಟ್ಟು ಬೆಳಕಿನ ಫೋಟೋ ತೆಗೆಯುತ್ತಾ ಕೂತೆವು. ಮೂರು ರಾತ್ರಿ ಸೇರಿಸಿದರೂ ಹತ್ತು ಗಂಟೆ ನಿದ್ದೆ ಮಾಡಿರಲಿಲ್ಲ, ಆದರೆ ದಣಿವು ಅನ್ನಿಸುತ್ತಿರಲಿಲ್ಲ. ಅದೇ ಮೋಸ. ಕಾರು ಬಾಡಿಗೆಗೆ ತಗೊಂಡು ಆಲ್ಟಾಕ್ಕೆ ಹೋಗಿ, ಅಲ್ಲಿಂದ ಸುಮಾರು 240 ಕಿಲೋಮೀಟರ್ ದೂರದ ನಾರ್ತ್ ಕೇಪ್‌ಗೆ ಹೊರಟೆವು. ಸಮುದ್ರಕ್ಕೆ 307 ಮೀಟರ್ ಕಡಿದಾಗಿ ಇಳಿದ ಬಂಡೆ, ಅದರ ಮೇಲೆ ಕಬ್ಬಿಣದ ದೊಡ್ಡ ಗ್ಲೋಬು. ನೋಡಿದ ಕೂಡಲೇ ಮೇಷ್ಟ್ರ ಗ್ಲೋಬು ನೆನಪಾಯಿತು. ದಾರಿಯಲ್ಲಿ ಸಮುದ್ರದ ತಳದ ಕೆಳಗೆ ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗವಿದೆ. ಆ ಮಬ್ಬಿನೊಳಗೆ ಕಾರು ಇಳಿದ ಕೂಡಲೇ ಮೂವರೂ ಒಟ್ಟಿಗೆ ಆಕಳಿಸಿದೆವು. ನಕ್ಕೆವು. ದೇಹ ಹೇಳಿದ್ದು ಆಗಲೂ ಅರ್ಥವಾಗಲಿಲ್ಲ.

ವಾಪಸ್ ಬರುವಾಗ ನಾನು ಓಡಿಸುತ್ತಿದ್ದೆ. ಬೆಳಗಿನ ಜಾವ ನಾಲ್ಕು ಗಂಟೆ ಇರಬೇಕು. ಪಳಪಳ ಬಿಸಿಲು, ಖಾಲಿ ರಸ್ತೆ, ಎಡಕ್ಕೆ ಫ್ಯೋರ್ಡಿನ ನೀರು. ಕಣ್ಣು ಮುಚ್ಚಿದ ನೆನಪು ನನಗಿಲ್ಲ. ಪಕ್ಕದವನು ಕೂಗಿದ್ದು ನೆನಪಿದೆ, ಚಕ್ರದ ಕೆಳಗೆ ಜಲ್ಲಿ ಸಿಡಿದ ಸದ್ದು ನೆನಪಿದೆ. ಅಲ್ಲಿ ಬಲಗಡೆ ಓಡಿಸಬೇಕು. ಕಾರು ಎದುರಿನ ಲೇನನ್ನು ಪೂರ್ತಿ ದಾಟಿ ಎಡಗಡೆಯ ಅಂಚಿಗೆ ಹೋಗಿತ್ತು. ಎದುರಿಗೆ ವಾಹನ ಇರಲಿಲ್ಲ, ಅಷ್ಟೇ. ಗಂಟೆಗೆ 80 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಮೂರು ಸೆಕೆಂಡ್ ತೂಕಡಿಸಿದರೆ 66 ಮೀಟರ್ ಕಾರು ತಾನೇ ತಾನಾಗಿ ಓಡಿರುತ್ತದೆ. ಅವ್ವ ಎರಡನೇ ಸಾಲಿನಲ್ಲಿ ಕೂತಿದ್ದಾಳೆ, ಅವಳಿಗೆ ಈ ವಿಷಯ ಗೊತ್ತಾಗುತ್ತಿರುವುದು ಇವತ್ತೇ. ಅವ್ವ, ಮನೆಗೆ ಹೋದಮೇಲೆ ಬೈಯಿ, ಈಗ ಬೇಡ.

ಕಾರು ನಿಲ್ಲಿಸಿ, ಜಾಕೆಟ್ಟನ್ನು ಮುಖದ ಮೇಲೆ ಎಳೆದುಕೊಂಡು ಮೂವರೂ ಅಲ್ಲೇ ಮಲಗಿದೆವು. ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ಮಿದುಳಿನಲ್ಲಿ ಒಂದು ಗಡಿಯಾರವಿದೆ. ಅಂಥ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂದಿದೆ. ಅದಕ್ಕೆ ದಿನವೂ ಸರಿಸಮಯ ಹೇಳಿಕೊಡುವುದು ಕಣ್ಣಿಗೆ ಬೀಳುವ ಬೆಳಕು. ಕತ್ತಲಾದಾಗ ಮಿದುಳಿನ ಒಂದು ಪುಟ್ಟ ಗ್ರಂಥಿ ಮೆಲಟೋನಿನ್ ಎಂಬ ರಸವನ್ನು ಬಿಡುತ್ತದೆ, ಇನ್ನು ರಾತ್ರಿಯಾಯಿತು ಅಂತ ಮೈಗೆಲ್ಲ ಸಾರುವುದು ಅದು. ಬೆಳಕು, ಅದರಲ್ಲೂ ನೀಲಿ ಬೆಳಕು, ಅದನ್ನು ತಡೆಯುತ್ತದೆ. ಡಂಗುರ ಸಾರುವವನನ್ನು ತಡೆದರೆ ಸುದ್ದಿ ಮುಟ್ಟುವುದಿಲ್ಲ, ಆದರೆ ಸಾಲ ಬೆಳೆಯುತ್ತಲೇ ಇರುತ್ತದೆ. ನಿದ್ದೆಯ ಸಾಲವನ್ನು ಬಿಸಿಲು ಮನ್ನಾ ಮಾಡುವುದಿಲ್ಲ.

ಆಲ್ಟಾದಲ್ಲಿ ನಾವು ಹಿಡಿದಿದ್ದ ಮರದ ಮನೆಯ ಪರದೆ ತೆಳು. ಏನು ಮಾಡುವುದು ಅಂತ ಯೋಚಿಸುವಾಗ ನನಗೆ ಹೊಳೆದದ್ದು ನಮ್ಮಪ್ಪ. ಇಲ್ಲಿರುವ ರೈತರಿಗೆ ಹೇಳಬೇಕಾಗಿಲ್ಲ, ತ್ರೀ ಫೇಸ್ ಕರೆಂಟು ಬರುವುದು ರಾತ್ರಿ. ನಡುರಾತ್ರಿ ಎದ್ದು ಬ್ಯಾಟರಿ ಹಿಡಿದು ಹೋಗಿ ತೋಟಕ್ಕೆ ನೀರು ಕಟ್ಟಿ ಬಂದು, ಬೆಳಿಗ್ಗೆ ಕಿಟಕಿಗೆ ಗೋಣಿಚೀಲ ಕಟ್ಟಿಕೊಂಡು, ಕಂಬಳಿ ಮುಸುಕು ಹಾಕಿ ಮಲಗುತ್ತಿದ್ದರು ಅಪ್ಪ. ಚಿಕ್ಕವನಿದ್ದಾಗ ಆ ಗೋಣಿಚೀಲ ಕಂಡರೆ ನನಗೆ ನಾಚಿಕೆ. ಗೆಳೆಯರು ಬಂದರೆ ಬಿಚ್ಚಿಡುತ್ತಿದ್ದೆ. ಎಷ್ಟು ದಿನ ಅಪ್ಪನ ನಿದ್ದೆ ಕೆಡಿಸಿದ್ದೇನೋ. ಆಲ್ಟಾದಲ್ಲಿ ಗೋಣಿಚೀಲ ಎಲ್ಲಿ ಸಿಗಬೇಕು? ಅಂಗಡಿಯಲ್ಲಿ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ತಂದು ಕಿಟಕಿಯ ಗಾಜಿಗೆಲ್ಲ ಅಂಟಿಸಿದೆವು, ಸಂದಿಗೆ ಟವೆಲ್ ತುರುಕಿದೆವು. ಬ್ಯಾಗಿನಿಂದ ಗಡಿಯಾರ ಆಚೆ ಬಂತು. ಏಳಕ್ಕೆ ಊಟ. ಒಂಬತ್ತರ ಮೇಲೆ ಹೊರಗೆ ಹೋಗುವುದಾದರೆ ಕಪ್ಪು ಕನ್ನಡಕ. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ, ಹತ್ತಕ್ಕೆ ಮೊಬೈಲ್ ಬಂದ್, ಕಣ್ಣಿಗೆ ಪಟ್ಟಿ. ಮೊದಲ ದಿನ ಹೊರಳಾಡಿದೆವು, ಎರಡನೇ ದಿನ ಒಂಬತ್ತು ಗಂಟೆ ಗೊರಕೆ ಹೊಡೆದೆವು.

ಅಲ್ಲಿಯವರೂ ಮಾಡುವುದು ಇದನ್ನೇ. ಮಲಗುವ ಕೋಣೆಗೆ ದಪ್ಪ ಕಪ್ಪು ಪರದೆ, ಶಾಲೆಯ ಮಕ್ಕಳಿಗೆ ಗಡಿಯಾರದ ಪ್ರಕಾರ ರಾತ್ರಿ. ಹಾಗಂತ ಅವರಿಗೆ ಬೆಳಕಿನ ಮೇಲೆ ಮುನಿಸಿಲ್ಲ. ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ, ಆ ಬಡ್ಡಿಯನ್ನೆಲ್ಲ ಬೇಸಿಗೆಯಲ್ಲಿ ವಸೂಲಿ ಮಾಡಿಕೊಳ್ಳುತ್ತಾರೆ. ರಾತ್ರಿ ಮೂರಕ್ಕೆ ಬಣ್ಣ ಹೊಡೆಯುತ್ತಿದ್ದವನು ಹುಚ್ಚನಲ್ಲ. ಇನ್ನೊಬ್ಬ ಗೆಳೆಯ ನಿನ್ನೆ ಕೇಳಿದ, ಅಲ್ಲಿ ರಂಜಾನ್ ಬಂದರೆ ಉಪವಾಸ ಬಿಡುವುದು ಯಾವಾಗ ಅಂತ. ಟ್ರೊಮ್ಸೊದ ಮುಸ್ಲಿಮರು ಮೆಕ್ಕಾದ ಸೂರ್ಯೋದಯ, ಸೂರ್ಯಾಸ್ತದ ವೇಳೆಯನ್ನು ಇಟ್ಟುಕೊಳ್ಳುತ್ತಾರೆ. ತಮ್ಮ ಆಕಾಶ ಸಂಜೆ ಕೊಡದಿದ್ದರೆ ಬೇರೆ ಊರಿನಿಂದ ಸಂಜೆ ಕಡ ತರುತ್ತಾರೆ.

ನನಗೂ ಒಂದು ಕಡ ತಂದ ಸಂಜೆ ಇತ್ತು. ದಿನಾ ಅವ್ವನ ಫೋನು ಬರುತ್ತಿದ್ದದ್ದು ಇಲ್ಲಿ ದೀಪ ಹಚ್ಚಿದ ಮೇಲೆ, ಅಲ್ಲಿಯ ಮಧ್ಯಾಹ್ನ ಮೂರೂವರೆಗೆ. "ಅಲ್ಲಿ ದೀಪ ಹಚ್ಚೋ ಹೊತ್ತಾಯ್ತೇನೋ?" ಅಂತ ಕೇಳುತ್ತಿದ್ದಳು. ಇನ್ನೂ ಒಂದು ತಿಂಗಳು ಆಗಲ್ಲ ಕಣವ್ವ ಅಂದರೆ ನಂಬುತ್ತಿರಲಿಲ್ಲ.

ಈಗ ಸಾರ್, ಆ ಪ್ರಶ್ನೆಗೆ ಉತ್ತರ. ಅಲ್ಲಿಯವರು ಮಲಗುವುದು ರಾತ್ರಿ ಹತ್ತೂವರೆಗೆ, ಪರದೆ ಎಳೆದುಕೊಂಡು. ಶನಿವಾರ ಮಾತ್ರ ಹೇಳಕ್ಕೆ ಬರಲ್ಲ. ಪ್ರಶ್ನೆ ಕೇಳಿದವನು ಊಟಕ್ಕೆ ಹೊತ್ತಾಯಿತು ಅಂತ ಬಾಗಿಲಿನಿಂದ ಸನ್ನೆ ಮಾಡುತ್ತಿದ್ದಾನೆ.