ಅಂಕಿಗೆ ಎರಡು ತಾರೀಖು

ನಮ್ಮ ವ್ಯಾಪಾರಿಗಳ ಹಳೆಯ ಲೆಕ್ಕದ ಪದ್ಧತಿಯಲ್ಲಿ ಎರಡು ಪುಸ್ತಕಗಳಿದ್ದವು. ಆಯಾ ದಿನದ ಕೊಡುಕೊಳೆಯನ್ನು ಬರೆದಿಡುವುದು ಕಿರ್ದಿ. ಅದನ್ನೇ ಒಬ್ಬೊಬ್ಬರ ಹೆಸರಿನಲ್ಲಿ ವಿಂಗಡಿಸುವುದು ಖಾತೆ. ಸಾವಿರಾರು ಕಂಪನಿಗಳ ಹಣಕಾಸಿನ ವಿವರಗಳನ್ನು ಗಣಕಯಂತ್ರದಲ್ಲಿ ಕೂಡಿಡುವ ಇಂದಿನ ದತ್ತಾಂಶ ಭಂಡಾರಗಳು ಈ ಎರಡು ಕೆಲಸಗಳನ್ನೂ ಒಟ್ಟಿಗೆ ಮಾಡುತ್ತವೆ. ಅಲ್ಲಿಯ ಪ್ರತಿಯೊಂದು ಅಂಕಿಗೂ ಕಂಪನಿ, ಬಾಬ್ತು, ತಾರೀಖು ಎಂಬ ಮೂರು ಗುರುತುಗಳಿರುತ್ತವೆ.

ತಾರೀಖಿನ ಬೆನ್ನಿಗೇ ಬರುವುದು ಆವರ್ತನದ ಪ್ರಶ್ನೆ. ಷೇರಿನ ಬೆಲೆ ವಹಿವಾಟಿನ ದಿನಕ್ಕೊಂದು. ಲಾಭನಷ್ಟದ ಲೆಕ್ಕ ಮೂರು ತಿಂಗಳಿಗೊಂದು. ಪೂರ್ಣ ಲೆಕ್ಕಪತ್ರ ವರ್ಷಕ್ಕೊಂದು. ಇವನ್ನು ಒಂದೇ ಅಳತೆಗೆ ತರುವಾಗ ವಿವೇಚನೆ ಬೇಕು. ನಾಲ್ಕು ತ್ರೈಮಾಸಿಕಗಳ ಮಾರಾಟವನ್ನು ಕೂಡಿದರೆ ವರ್ಷದ ಮಾರಾಟ ದೊರೆಯುತ್ತದೆ; ನಾಲ್ಕರ ಸಾಲವನ್ನು ಕೂಡಿದರೆ ದೊರೆಯುವುದು ಅರ್ಥವಿಲ್ಲದ ಮೊತ್ತ. ಮಾರಾಟ ಕಾಲುವೆಯಲ್ಲಿ ಹರಿದ ನೀರು. ಸಾಲ ಕೆರೆಯಲ್ಲಿ ನಿಂತ ನೀರು. ಕೆರೆಗೆ ಕೊನೆಯ ದಿನದ ಮಟ್ಟವೇ ಪ್ರಮಾಣ.

‘ವರ್ಷ’ವೆಂಬ ಮಾತೂ ಸರಳವಲ್ಲ. ನಮ್ಮ ಕಂಪನಿಗಳ ಲೆಕ್ಕದ ವರ್ಷ ಸಾಮಾನ್ಯವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕಾಂಪುಸ್ಟಾಟ್ ಎಂಬ ಅಮೆರಿಕದ ಪ್ರಸಿದ್ಧ ಭಂಡಾರದಲ್ಲಿ ಜನವರಿಯಿಂದ ಮೇ ವರೆಗೆ ಮುಗಿಯುವ ವರ್ಷವನ್ನು ಹಿಂದಿನ ಇಸವಿಯ ಹೆಸರಿನಲ್ಲಿ ದಾಖಲಿಸುವುದು ರೂಢಿ. 2024ರ ಮಾರ್ಚ್‌ನಲ್ಲಿ ಮುಗಿದ ವರ್ಷ ಅಲ್ಲಿ 2023.

ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಲೆಕ್ಕ ಯಾವ ದಿನಕ್ಕೆ ಸೇರಿದ್ದು ಎಂಬುದು ಒಂದು ತಾರೀಖು; ಲೋಕಕ್ಕೆ ತಿಳಿದದ್ದು ಎಂದು ಎಂಬುದು ಮತ್ತೊಂದು. ಮಾರ್ಚ್ ಅಂತ್ಯದ ಲಾಭ ಮೇ ತಿಂಗಳಲ್ಲಿ ಪ್ರಕಟವಾಗಬಹುದು. ಅದನ್ನು ಏಪ್ರಿಲ್‌ನಲ್ಲೇ ಬಲ್ಲವರಂತೆ ಲೆಕ್ಕ ಹಾಕುವ ಸಂಶೋಧಕನು ಆಗ ಯಾರಿಗೂ ಇರದ ಜ್ಞಾನವನ್ನು ಅಂದಿನವರಿಗೆ ಆರೋಪಿಸಿದಂತಾಗುತ್ತದೆ.

ಸತ್ಯಂ ಕಂಪ್ಯೂಟರ್ಸ್‌ನ ಪ್ರಕರಣವನ್ನು ನೋಡಿ. 2008ರ ಸೆಪ್ಟೆಂಬರ್ 30ಕ್ಕೆ ಅದರ ಪುಸ್ತಕಗಳಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರಂದು ಒಪ್ಪಿಕೊಂಡರು. ಹಾಗಾದರೆ ಭಂಡಾರದಲ್ಲಿ ಉಳಿಯಬೇಕಾದ ಅಂಕಿ ಯಾವುದು? ಹಳೆಯದನ್ನು ಅಳಿಸಿ ತಿದ್ದಿದರೆ, 2008ರ ಕೊನೆಯಲ್ಲಿ ಆ ಷೇರನ್ನು ಕೊಂಡವರೆಲ್ಲ ಕಣ್ಣಿದ್ದೂ ಕುರುಡರಾಗಿ ಕಾಣುತ್ತಾರೆ. ಅವರಿಗಾದ ವಂಚನೆಯ ಸಾಕ್ಷ್ಯವೇ ಮಾಯವಾಗುತ್ತದೆ. ತಿದ್ದದೆ ಬಿಟ್ಟರೆ ಸುಳ್ಳೇ ಚಿರಸ್ಥಾಯಿ.

ಆದುದರಿಂದ ಎರಡೂ ಇರಬೇಕು; ಎರಡಕ್ಕೂ ಅವುಗಳ ತಾರೀಖಿರಬೇಕು. ಸತ್ಯವನ್ನು ದಾಖಲಿಸುವುದು ಎಷ್ಟು ಅಗತ್ಯವೋ, ಜನರು ಅದನ್ನು ಎಂದು ಅರಿತರೆಂಬುದನ್ನು ದಾಖಲಿಸುವುದೂ ಅಷ್ಟೇ ಅಗತ್ಯ.