ಮಗಳು ಡ್ರಾಕುಲಾ ಓದಲಿ ಬಿಡಿ

ಗೆಳತಿಯರೇ, ನಮ್ಮ ಸಾಂತಾಕ್ರೂಜ್‌ನ ಹದಿಹರೆಯದ ಹುಡುಗಿಯರ ಕೈಯಲ್ಲಿ ‘ಟ್ವೈಲೈಟ್’ ಕಂಡು ಗಾಬರಿಯಾಗುವ ಅಮ್ಮಂದಿರಿದ್ದೀರಿ. ಕಸಿದುಕೊಳ್ಳಬೇಡಿ, ನೀವೂ ಓದಿ. 2005ರ ಆ ಕಾದಂಬರಿಯಲ್ಲಿ ಎಡ್ವರ್ಡ್ ರಾತ್ರಿ ಬೆಲ್ಲಾಳಿಗೆ ತಿಳಿಯದಂತೆ ಅವಳ ಕೋಣೆಗೆ ಬಂದು, ಅವಳು ಮಲಗಿರುವುದನ್ನು ನೋಡುತ್ತಾನೆ. ಇದು ಪ್ರೀತಿಯೇ ಎಂದು ಮಗಳನ್ನು ಕೇಳಿ. ಉತ್ತರ ತಕ್ಷಣ ಬರದಿದ್ದರೂ ಸರಿ.

ಹದಿನೈದು ದಾಟಿದವಳಿಗೆ ನನ್ನ ಶಿಫಾರಸು ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’, 1897ರದು. ನಡುವೆ ಸ್ವಲ್ಪ ಎಳೆಯುತ್ತದೆ, ನಿಜ. ಆದರೆ ಅದರಲ್ಲಿ ಮೀನಾ ಇದ್ದಾಳೆ. ಲೋಕಲ್ ಹಿಡಿಯುವ ನಮ್ಮಂತೆಯೇ ಅವಳಿಗೂ ರೈಲಿನ ವೇಳಾಪಟ್ಟಿ ಬಾಯಿಪಾಠ! ಎಲ್ಲರ ದಿನಚರಿ, ಪತ್ರಗಳನ್ನು ಟೈಪ್ ಮಾಡಿ, ದಿನಾಂಕದಂತೆ ಜೋಡಿಸಿ, ಪಿಶಾಚಿಯ ಜಾಡು ಹಿಡಿಯಲು ದಾರಿ ಮಾಡುವವಳು ಅವಳೇ. ಡೇಟಾ ಕೆಲಸದ ನನಗೆ ಅವಳೆಂದರೆ ಇಷ್ಟ. ಹೆಂಗಸಿಗೆ ಇದೆಲ್ಲ ತಿಳಿಯುವುದು ಬೇಡವೆಂದು ಗಂಡಸರು ಅವಳನ್ನು ಹೊರಗಿಡುತ್ತಾರಲ್ಲ, ಡ್ರಾಕುಲಾ ಅವಳ ಕುತ್ತಿಗೆಗೆ ಬಾಯಿ ಹಾಕುವುದು ಆಗಲೇ.