ಮಕ್ಕಳ ಕೈಗಳಿಗೊಂದು ಕಾಯಕ

(ಶ್ರೀಮಠದ ಸುವರ್ಣ ಮಹೋತ್ಸವದ ನಿಮಿತ್ತವಾಗಿ ಗೋಪನಕೊಪ್ಪದಲ್ಲಿ ನೆರೆದ ತಾಯಿತಂದೆಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಸಭೆಯಲ್ಲಿ ಷಟ್‌ಸ್ಥಲ ಸಿದ್ಧಾಂತವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಮಂಡಳಿಯವರು ನನಗೆ ಮೊದಲು ಸೂಚಿಸಿದ್ದರು. ಶ್ರೀಗಳವರ ಅಪ್ಪಣೆಯನ್ನು ಬೇಡಿಕೊಂಡು ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿರುವೆನು. ಅದು ಯಾವದೆಂದರೆ, ಹಿಡಿ ಮಣ್ಣು, ಹರಕು ಬಟ್ಟೆ, ತೆಂಗಿನ ಚಿಪ್ಪು, ಹಳೆಯ ಕಾಗದ ಮುಂತಾಗಿ ಮನೆಯಲ್ಲಿ ಬಿದ್ದಿರುವ ಪದಾರ್ಥಗಳಿಂದ ನಮ್ಮ ಮಕ್ಕಳು ತಮ್ಮ ಕೈಯಾರೆ ಮಾಡಿ ಕಲಿಯಬಹುದಾದ ಸಣ್ಣ ಕೆಲಸಗಳು. ವಿಷಯವು ಕಿರಿದೆಂದು ಕೆಲವರಿಗೆ ತೋರಬಹುದು. ಕಿರಿದಲ್ಲವೆಂಬದನ್ನು ನಾನು ಗ್ರಂಥದಿಂದ ಅರಿತವನಲ್ಲ. ನನ್ನದೇ ಒಂದು ತಪ್ಪಿನಿಂದ ಅರಿತವನು. ಆದಕಾರಣ ಆ ತಪ್ಪನ್ನೇ ಮೊದಲು ಅರಿಕೆ ಮಾಡಿಕೊಳ್ಳುವೆನು.

ಕೆಲವು ವರ್ಷಗಳ ಹಿಂದಿನ ಮಾತು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಸಾಯಂಕಾಲ ಶ್ರೀಮಠದ ಕಟ್ಟೆಯ ಮೇಲೆ ಮಕ್ಕಳಿಗೆ ಶರಣರ ಚರಿತ್ರೆಯನ್ನು ಹೇಳುತ್ತ ಕುಳಿತಿದ್ದೆನು. ಒಂಬತ್ತು ವರ್ಷದ ಒಬ್ಬ ಹುಡುಗನು ಓಡುತ್ತ ಬಂದನು. ಮೊಣಕೈವರೆಗೆ ಎರೆಮಣ್ಣು, ಅಂಗೈಯಲ್ಲಿ ತಾನೇ ಮಾಡಿದ ಒಂದು ಎತ್ತು. ಅದರ ಒಂದು ಕೋಡು ಸೊಟ್ಟಗಿದ್ದಿತು. ಅದನ್ನು ನನಗೆ ತೋರಿಸಬೇಕೆಂದು ಕೈ ಮುಂದೆ ಚಾಚಿದನು. ನಾನು ಎತ್ತನ್ನು ನೋಡಲಿಲ್ಲ, ಕೈಯನ್ನು ನೋಡಿದೆನು. ಕೈ ಹೊಲಸು ಮಾಡಿಕೊಂಡು ಮಠಕ್ಕೆ ಬರುವರೇನೋ ಎಂದು ಗದರಿಸಿ, ತೊಳೆದುಕೊಂಡು ಬರಲು ಕಳಿಸಿದೆನು. ಮರುವರ್ಷ ಅದೇ ಅಮಾವಾಸ್ಯೆಗೆ ಅವನು ಪೇಟೆಯಿಂದ ಕೊಂಡು ತಂದ, ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದ ಎತ್ತುಗಳ ಜೋಡಿಯನ್ನು ಹಿಡಿದು ಬಂದು, “ಅಜ್ಜಾರ, ಈ ಸಲ ಕೈ ಹೊಲಸ ಮಾಡ್ಕೊಂಡಿಲ್ರಿ” ಎಂದನು.

ಬಂಧುಗಳೇ, ಅವನನ್ನು ಗದರಿಸಿದ ದಿನ ನಾನು ಹೇಳುತ್ತಿದ್ದ ಪಾಠ ಯಾವದೆಂದು ಬಲ್ಲಿರಾ? ಕುಂಬಾರ ಗುಂಡಯ್ಯನ ಚರಿತ್ರೆ. ಗಡಿಗೆಯನ್ನು ತಟ್ಟುವ ಗುಂಡಯ್ಯನ ಕೈಯ ನಾದಕ್ಕೆ ಪರಶಿವನೇ ಕುಣಿದನೆಂದು ಹರಿಹರ ಕವಿಯು ರಗಳೆಯಲ್ಲಿ ಹಾಡಿರುವನು. ಬಾಯಲ್ಲಿ ಗುಂಡಯ್ಯನನ್ನು ಕೊಂಡಾಡುತ್ತ, ಕಣ್ಣೆದುರಿನ ಮಗುವಿನ ಮಣ್ಣಿನ ಕೈಯನ್ನು ಹೊಲಸೆಂದೆನು. ಹೇಳುವದೊಂದು, ಕಲಿಸುವದೊಂದು ಆಯಿತು. ಮಗುವು ನನ್ನ ಮಾತನ್ನು ಬಿಟ್ಟು ನನ್ನ ನಡತೆಯನ್ನೇ ಕಲಿತಿತು.

ನಮ್ಮ ಶರಣರ ಹೆಸರುಗಳನ್ನು ಸುಮ್ಮನೆ ಒಮ್ಮೆ ನೆನೆಯಿರಿ. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಕದಿರ ರೆಮ್ಮವ್ವೆ. ಹಗ್ಗ ಹೊಸೆಯುವದು, ಬುಟ್ಟಿ ಹೆಣೆಯುವದು, ನೂಲು ತೆಗೆಯುವದು ಇವೇ ಅವರ ಹೆಸರಿನ ಮೊದಲಲ್ಲಿ ನಿಂತಿರುವವು. ಇಂಥ ಪರಂಪರೆಗೆ ಸೇರಿದ ನಮ್ಮ ಮನೆಗಳಲ್ಲಿಯೇ ಇಂದು “ಓದು, ಇಲ್ಲವಾದರೆ ಮಣ್ಣು ಹೊರಬೇಕಾದೀತು” ಎಂದು ಮಕ್ಕಳನ್ನು ಹೆದರಿಸುವ ಮಾತು ಕೇಳಬರುವದು. ಈ ಮಾತನ್ನು ಕೇಳಿ ಬೆಳೆದ ಮಗುವು ಕುಂಬಾರನನ್ನು, ಬಡಿಗನನ್ನು, ಕಂಬಾರನನ್ನು ನಾಳೆ ಹೇಗೆ ಕಾಣುವದು? ಕೈಕೆಲಸದ ಮೇಲಿನ ತಾತ್ಸಾರವೂ ಕೆಲಸದವನ ಮೇಲಿನ ತಾತ್ಸಾರವೂ ಒಂದೇ ಬೇರಿನ ಎರಡು ಟಿಸಿಲುಗಳು. ಮೇಲುಕೀಳುಗಳ ವಿಷಯವಾಗಿ ನೂರು ಉಪನ್ಯಾಸಗಳನ್ನು ಕೇಳಿದರೂ ಬಾರದ ತಿಳಿವಳಿಕೆಯು, ತಾನೇ ಒಂದು ವಸ್ತುವನ್ನು ಮಾಡಹೋಗಿ ನಾಲ್ಕು ಸಲ ಕೆಡಿಸಿದ ಮಗುವಿಗೆ ತಾನಾಗಿ ಬರುವದು. ಇದೇ ನಾನು ಇಂದು ಹೇಳಬೇಕಾದ ಮುಖ್ಯ ಮಾತು.

ಇದಕ್ಕಾಗಿ ಹೊಸ ಪಠ್ಯಕ್ರಮವೇನೂ ಬೇಕಿಲ್ಲ. ನಮ್ಮ ಹಿರಿಯರು ಹಬ್ಬಗಳ ರೂಪದಲ್ಲಿ ಅದನ್ನು ಹಾಕಿಕೊಟ್ಟಿರುವರು. ಜ್ಯೇಷ್ಠ ಮಾಸದ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪ. ಮಳೆಗಾಲದ ಹಸಿ ಮಣ್ಣು ಕೈಗೆ ಸಿಕ್ಕುವ ಕಾಲಕ್ಕೆ ಸರಿಯಾಗಿ ಮೂರು ತಿಂಗಳ ಕೈಪಾಠ. ಗೋಪನಕೊಪ್ಪವು ಈಗ ಮಹಾನಗರದ ಒಡಲೊಳಗೆ ಸೇರಿದ್ದರೂ ಇಲ್ಲಿಯ ನೆಲದ ಎರೆಮಣ್ಣು ಬದಲಾಗಿಲ್ಲ.

ಎತ್ತನ್ನು ಮಾಡುವ ಬಗೆಯನ್ನೇ ಮೊದಲು ನೋಡೋಣ. ಎರೆಮಣ್ಣು ನೀರು ಕುಡಿದು ಉಬ್ಬುವದು. ಒಣಗುವಾಗ ಕುಗ್ಗಿ ಬಿರಿಯುವದು. ಆದ್ದರಿಂದ ಮಣ್ಣನ್ನು ಒಂದು ರಾತ್ರಿ ನೆನೆಯಿಟ್ಟು, ಹರಳುಗಳನ್ನು ಆರಿಸಿ, ಸ್ವಲ್ಪ ಸಣ್ಣ ಉಸುಕನ್ನೂ ಬಿಡಿಸಿದ ಅರಳೆಯನ್ನೂ ಕೂಡಿಸಿ ನಾದಬೇಕು. ಕಾಲುಗಳು ದಪ್ಪಗಿರಬೇಕು. ಕೋಡು, ಹಿಣಿಲುಗಳನ್ನು ಜೋಡಿಸುವಾಗ ತೆಳ್ಳಗಿನ ಕೆಸರನ್ನು ಸವರಿ ಒತ್ತಬೇಕು. ಬಿಸಿಲಿನಲ್ಲಿಡದೆ ಎರಡು ಮೂರು ದಿನ ನೆರಳಿನಲ್ಲಿ ಒಣಗಿಸಬೇಕು. ಮೊದಲನೆಯ ಎತ್ತು ಬಿರಿದರೆ ಬಿರಿಯಲಿ. ಅದು ಏಕೆ ಬಿರಿಯಿತೆಂದು ವಿಚಾರಿಸಿದ ಮಗುವಿಗೆ ಬೇಸಿಗೆಯಲ್ಲಿ ನಮ್ಮ ಹೊಲಗಳು ಏಕೆ ಬಾಯ್ಬಿಡುವವೆಂಬದೂ ತಿಳಿಯುವದು. ಅಚ್ಚಿನ ಎತ್ತು ಬಿರಿಯುವದಿಲ್ಲ. ಅದು ಏನನ್ನೂ ಕಲಿಸುವದೂ ಇಲ್ಲ.

ಎರಡನೆಯದು ತಕ್ಕಡಿ. ಒಂದೇ ಅಳತೆಯ ಎರಡು ತೆಂಗಿನ ಚಿಪ್ಪುಗಳು, ಒಂದು ನೆಟ್ಟಗಿನ ಕೋಲು, ಸ್ವಲ್ಪ ದಾರ, ಇಷ್ಟು ಸಾಕು. ಕೋಲಿನ ನಟ್ಟನಡುವೆ ದಾರ ಕಟ್ಟಿ ಎತ್ತಿ ಹಿಡಿಯಬೇಕು, ಎರಡು ತುದಿಗಳಿಗೆ ಚಿಪ್ಪುಗಳನ್ನು ತೂಗಬಿಡಬೇಕು. ಬಳಿಕ ತಕ್ಕಡಿಯು ಪ್ರಾಮಾಣಿಕವೋ ಅಲ್ಲವೋ ಎಂದು ಪರೀಕ್ಷಿಸಬೇಕು. ಎಡಗಡೆ ಕಡಲೆ, ಬಲಗಡೆ ಹರಳುಗಳನ್ನು ಹಾಕಿ ಸಮವಾದ ಮೇಲೆ, ಇದರೊಳಗಿನದನ್ನು ಅದರೊಳಗೆ, ಅದರೊಳಗಿನದನ್ನು ಇದರೊಳಗೆ ಹಾಕಿ ನೋಡಬೇಕು. ಆಗಲೂ ಸಮನಾಗಿ ನಿಂತರೆ ತಕ್ಕಡಿ ಸಾಚಾ. ಒಂದು ಕಡೆಗೆ ವಾಲಿದರೆ ನಡುಗಂಟು ನಡುವೆ ಇಲ್ಲವೆಂದೋ, ಚಿಪ್ಪುಗಳ ತೂಕ ಒಂದೇ ಇಲ್ಲವೆಂದೋ ಅರ್ಥ. ತೂಗುವವನು ತನ್ನ ತಕ್ಕಡಿಯನ್ನೇ ಮೊದಲು ತೂಗಿ ನೋಡಬೇಕೆಂಬ ನೀತಿಯು ಇದರಿಂದ ಮಗುವಿನ ಕೈಗೇ ತಿಳಿಯುವದು.

ಮೂರನೆಯದು ನೆರಳಿನ ಕೋಲು. ಗಡಿಗೆಯ ಹಸಿ ಮಣ್ಣಿನಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ಅಂಗಳದಲ್ಲಿಟ್ಟು, ಹಗಲು 11 ಗಂಟೆ 30 ನಿಮಿಷದಿಂದ ಎರಡು ತಾಸು, ಕಾಲು ತಾಸಿಗೊಮ್ಮೆ ನೆರಳಿನ ತುದಿಗೆ ಸುಣ್ಣದ ಗುರುತು ಹಾಕಬೇಕು. ಎಲ್ಲಕ್ಕೂ ಗಿಡ್ಡದಾದ ನೆರಳೇ ಉತ್ತರ ದಕ್ಷಿಣಗಳ ಗೆರೆ. ಆ ಗಿಡ್ಡ ನೆರಳು ಹುಬ್ಬಳ್ಳಿಯಲ್ಲಿ 12 ಗಂಟೆಗೆ ಬೀಳದೆ ಸುಮಾರು 12 ಗಂಟೆ 30 ನಿಮಿಷಕ್ಕೆ, ಋತುವಿಗೆ ತಕ್ಕಂತೆ ತುಸು ಹಿಂದೆಮುಂದೆ ಬೀಳುವದು. ಏಕೆಂದರೆ ದೇಶದ ಗಡಿಯಾರವು 82.5 ಅಂಶದ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು; ನಮ್ಮ ಊರು ಅದರ ಪಶ್ಚಿಮಕ್ಕೆ ಏಳು ಅಂಶಗಳಿಗಿಂತ ಹೆಚ್ಚು ದೂರವಿರುವದು; ಒಂದೊಂದು ಅಂಶಕ್ಕೆ ಸೂರ್ಯನು 4 ನಿಮಿಷ ತೆಗೆದುಕೊಳ್ಳುವನು. ಮೇ ತಿಂಗಳ ಮೊದಲ ವಾರದಲ್ಲಿ ಒಂದು ದಿನ, ಆಗಸ್ಟದ ಎರಡನೆಯ ವಾರದಲ್ಲಿ ಒಂದು ದಿನ ಸೂರ್ಯನು ನೇರವಾಗಿ ನೆತ್ತಿಯ ಮೇಲೆ ಬಂದು ಕೋಲಿಗೆ ನೆರಳೇ ಇಲ್ಲದಂತಾಗುವದು. ಆಗಸ್ಟದಲ್ಲಿ ಮೋಡ ಮುಚ್ಚಬಹುದು. ಮೇ ತಿಂಗಳ ದಿನವನ್ನು ಮಕ್ಕಳಿಗೆ ತಪ್ಪದೆ ತೋರಿಸಿರಿ.

ನಾಲ್ಕನೆಯದು ಕಾಗದದ ಚಕ್ರ. ನಮ್ಮ ನೆರೆಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಖಾದಿಯ ರಾಷ್ಟ್ರಧ್ವಜಗಳನ್ನು ಸಿದ್ಧಪಡಿಸುವದೆಂಬದು ತಮಗೆಲ್ಲ ವಿದಿತವಿರುವದು. ಧ್ವಜದ ಉದ್ದ ಅಗಲಗಳು 3ಕ್ಕೆ 2ರ ಪ್ರಮಾಣ. ನಡುವಿನ ಚಕ್ರಕ್ಕೆ 24 ಅರಗಳು. ಹಳೆಯ ಕಾಗದದಲ್ಲಿ ಬಟ್ಟಲಿಟ್ಟು ಒಂದು ವರ್ತುಲವನ್ನು ಕತ್ತರಿಸಿ, ಮಡಚಿ, ಮತ್ತೆ ಮಡಚಿ, ಮತ್ತೊಮ್ಮೆ ಮಡಚಿದರೆ 8 ಭಾಗಗಳಾಗುವವು. ಆ ಒಂದು ಭಾಗವನ್ನು ಮೂರು ಸಮಪಾಲಾಗಿ ಮಡಚಬೇಕು. ಬಿಡಿಸಿ ನೋಡಿದರೆ 24 ಗೆರೆಗಳು, ಒಂದರಿಂದೊಂದಕ್ಕೆ 15 ಅಂಶ. ಎರಡಾಗಿ ಮಡಚುವದು ಸುಲಭ, ಮೂರಾಗಿ ಮಡಚುವದು ಕಠಿಣ. ಮೊದಲ ಸಲ ಯಾರಿಗೂ ಸಾಧಿಸುವದಿಲ್ಲ. ನಾಲ್ಕನೆಯ ಸಲ ಸಾಧಿಸಿದ ಮಗುವಿನ ಮೋರೆಯನ್ನು ತಾವು ನೋಡಬೇಕು.

ಐದನೆಯದು ಕೌದಿ. ಅಜ್ಜಿಯ ಹಳೆಯ ಸೀರೆ, ಅಜ್ಜನ ಹರಿದ ಧೋತರ ಇವುಗಳಿಂದ ಎರಡು ಗೇಣು ಚೌಕದ ಒಂದು ಆಸನವನ್ನು ಮಗುವು ತನಗಾಗಿ ತಾನೇ ಹೊಲಿಯಲಿ. ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ, ತ್ರಿಕೋನಗಳನ್ನು ಕೂಡಿಸಿದರೆ ಮತ್ತೆ ಚೌಕ. ಕ್ಷೇತ್ರಗಣಿತವೆಲ್ಲ ಅದರಲ್ಲಿದೆ. ತಾನು ಹೊಲಿದ ಆಸನದ ಮೇಲೆ ಕುಳಿತು ಮಾಡಿದ ಇಷ್ಟಲಿಂಗ ಪೂಜೆಗೆ ಆ ಮಗುವಿನ ಮನಸ್ಸು ಹೆಚ್ಚು ನಿಲ್ಲುವದೆಂಬದು ನನ್ನ ಅನುಭವ. ಹುಡುಗಿಯರಿಗಷ್ಟೇ ಸೂಜಿ ಕೊಡಬೇಡಿರಿ, ಹುಡುಗರಿಗೂ ಕೊಡಿರಿ.

ಇನ್ನು ತಾಯಿತಂದೆಗಳಿಗೆ ಮೂರು ಸೂಚನೆಗಳು. ಮೊದಲನೆಯದಾಗಿ, ಮಗುವಿನ ಕೆಲಸವನ್ನು ತಾವು ಮಾಡಕೂಡದು. ಶಾಲೆಯಲ್ಲಿ ಪ್ರಾಜೆಕ್ಟ್ ಹೇಳಿದರೆ ತಂದೆಯು ಅಂಗಡಿಗೆ ಹೋಗಿ ಥರ್ಮೋಕೋಲ್ ತರುವನು, ತಾಯಿಯು ನಡುರಾತ್ರಿಯವರೆಗೆ ಕುಳಿತು ಅಂಟಿಸುವಳು, ಮಗುವು ಬೆಳಿಗ್ಗೆ ಹೊತ್ತುಕೊಂಡು ಹೋಗುವದು. ಇಲ್ಲಿ ಕಲಿತವರು ಯಾರು? ಎರಡನೆಯದಾಗಿ, ಒಬ್ಬರ ಎತ್ತಿಗೆ ಇನ್ನೊಬ್ಬರ ಎತ್ತನ್ನು ಹೋಲಿಸಬೇಡಿರಿ, ಸೊಟ್ಟ ಕೋಡನ್ನು ತಿದ್ದಬೇಡಿರಿ. ಮೂರನೆಯದಾಗಿ, ಎಚ್ಚರವಿರಲಿ. ಗುಳ್ಳವ್ವನ ಸಿಂಗಾರಕ್ಕೆ ಬಳಸುವ ಗುಲಗಂಜಿಯು ನೋಡಲು ಚೆಲುವಾದರೂ ಅದರ ಕಾಳು ವಿಷ. ಸಣ್ಣ ಕೂಸುಗಳ ಕೈಗೆ ಸಿಗಗೊಡದೆ, ಅದರ ಬದಲು ಕುಸುಬೆಯನ್ನೋ ಕಡಲೆಯನ್ನೋ ಹಚ್ಚಿರಿ. ಸೂಜಿ ಕತ್ತರಿಗಳ ಕೆಲಸದಲ್ಲಿ ಹಿರಿಯರೊಬ್ಬರು ಬದಿಯಲ್ಲಿ ಕುಳಿತಿರಬೇಕು.

ಪರೀಕ್ಷೆಯ ಓದಿಗೆ ಇದರಿಂದ ವಿಘ್ನವಾಗದೇ ಎಂದು ಕೆಲವರು ಕೇಳುವರು. ಜರ್ಮನಿಯ ಫ್ರೋಬೆಲ್ ಎಂಬ ಶಿಕ್ಷಣತಜ್ಞರು 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, ನೂಲಿನ ಚೆಂಡು, ಮರದ ತುಂಡು, ಕಾಗದದ ಮಡಿಕೆ, ಮಣ್ಣು ಇವುಗಳಿಂದಲೇ ಕಲಿಸುವ ಕ್ರಮವನ್ನು ಬೆಳೆಸಿದರು. ಇಂದು ನಾವು ಕಿಂಡರ್‌ಗಾರ್ಟನ್ ಎನ್ನುವದು ಅದನ್ನೇ. ಸರಿಯಾಗಿ ನೂರು ವರ್ಷಗಳ ಮೇಲೆ, 1937ರ ಅಕ್ಟೋಬರದಲ್ಲಿ, ವರ್ಧಾದ ಶಿಕ್ಷಣ ಪರಿಷತ್ತಿನಲ್ಲಿ ಮಹಾತ್ಮಾ ಗಾಂಧಿಯವರು ಕೈಕಸುಬಿನ ಮೂಲಕವೇ ವಿದ್ಯೆಯನ್ನು ಕಲಿಸಬೇಕೆಂಬ ವಿಚಾರವನ್ನು ದೇಶದ ಮುಂದಿಟ್ಟರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಿಗ, ಕುಂಬಾರ ಮೊದಲಾದವರ ಬಳಿಯಲ್ಲಿ ಕಲಿಯಬೇಕೆಂದು ಹೇಳಿರುವದು. ಅಂದಮೇಲೆ ಕೈಯ ಕಲಿಕೆಯು ಓದಿಗೆ ವಿಘ್ನವೆಂಬ ಮಾತು ನಿಲ್ಲಲಾರದು.

ಕೊನೆಗೊಂದು ಮಾತು. ನಾನು ಗದರಿಸಿದ ಹುಡುಗನು ಈಗ ಬೆಳೆದು ಕಾಲೇಜು ಸೇರಿರುವನು. ಈಚೆಗೆ ಶ್ರೀಮಠಕ್ಕೆ ಬಂದಾಗ ಅವನನ್ನು ಕೂಡಿಸಿಕೊಂಡು, ಅಂದು ತಪ್ಪು ಮಾಡಿದೆನಪ್ಪಾ ಎಂದೆನು. ಅವನಿಗೆ ಆ ಪ್ರಸಂಗವೇ ನೆನಪಿರಲಿಲ್ಲ, ನಕ್ಕುಬಿಟ್ಟನು. ಆಮೇಲೆ ಎಂದಾದರೂ ಮಣ್ಣಿನಲ್ಲಿ ಏನಾದರೂ ಮಾಡಿದೆಯಾ ಎಂದು ಕೇಳಿದೆನು. ಇಲ್ಲವೆಂದನು. ಮಾತು ಮರೆತುಹೋಗಿತ್ತು, ಆದರೆ ಕೈಯು ಅದನ್ನು ಮರೆತಿರಲಿಲ್ಲ. ನನ್ನ ನಗು ಅಲ್ಲಿಗೇ ನಿಂತಿತು.

ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಶ್ರೀಮಠದ ಕಟ್ಟೆಯ ಮೇಲೆ ನಾದಿದ ಎರೆಮಣ್ಣನ್ನು ಇಡಲು ಶ್ರೀಗಳವರು ಅಪ್ಪಣೆ ಕೊಟ್ಟಿರುವರು. ಎಲ್ಲ ಮನೆಗಳ ಮಕ್ಕಳನ್ನೂ ಕಳಿಸಿರಿ, ತಾವೂ ಬನ್ನಿರಿ. ಅಂದು ಕೈ ತೊಳೆದುಕೊಂಡು ಬರಬೇಕೆಂದು ನಾನು ಯಾರಿಗೂ ಹೇಳುವದಿಲ್ಲ. ಮಣ್ಣಿನ ಕೈಯಿಂದಲೇ ಶರಣು ಮಾಡಿದರೆ ಗುಂಡಯ್ಯನ ಶಿವನು ಒಲ್ಲೆನೆನ್ನಲಾರನು.